ಅಮೆರಿಕದ ರ‍್ಯಾಂಚಿನವರಿಗೆ ಸರ್ಕಾರ ಕೊಡುವ ತುರ್ತು ಹಣ: ಪುಕ್ಕಟೆ ದುಡ್ಡಾ, ಪರಿಹಾರನಾ?

ಹುಲ್ಲುಬಯಲು (ರ‍್ಯಾಪಿಡ್ ಸಿಟಿ, ಸೌತ್ ಡಕೋಟ)

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಮಾತು ಬಂತು. "ಅಮೆರಿಕದಲ್ಲಿ ದನ ಸಾಕೋರಿಗೆ ಸರ್ಕಾರ ಸುಮ್ನೆ ದುಡ್ಡು ಹಂಚುತ್ತೆ" ಅಂತ. 2023 ಮತ್ತು 2024ರ ಬರ, ಕಾಡ್ಗಿಚ್ಚಿನ ಲೆಕ್ಕದಲ್ಲಿ ಇಲ್ಲಿನ ಕೃಷಿ ಇಲಾಖೆ 2025ರ ಮೇ ತಿಂಗಳಲ್ಲಿ 100 ಕೋಟಿ ಡಾಲರ್ ಘೋಷಿಸಿತ್ತಲ್ಲ, ಆ ಸುದ್ದಿ ನೋಡಿ ಯಾರೋ ಹಾಗೆ ಹಾಕಿದ್ದರು. ನನಗೆ ಆ ಮಾತು ಚುಚ್ಚಿತು. ಯಾಕೆ ಅಂತ ಹೇಳುತ್ತೇನೆ.

ನಾನು ಇಲ್ಲಿ ಲೆಕ್ಕಪತ್ರದ ಕೆಲಸ ಮಾಡುವವನು. ನನ್ನ ಗಿರಾಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ದೊಡ್ಡ ಹುಲ್ಲುಗಾವಲಿನಲ್ಲಿ ದನ ಸಾಕುವ ರ‍್ಯಾಂಚಿನವರು. ಹೆಚ್ಚಿನವರು ಪಕ್ಕದ ಮೀಡ್ ಕೌಂಟಿಯವರು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಈ ಒಂದು ಕೌಂಟಿ ನಮ್ಮ ಚಿತ್ರದುರ್ಗ ಜಿಲ್ಲೆಗಿಂತ ಸ್ವಲ್ಪ ದೊಡ್ಡದು. ಜನ ಮಾತ್ರ 30 ಸಾವಿರದ ಆಸುಪಾಸು. ಕಣ್ಣು ಹಾಯಿಸಿದಷ್ಟು ದೂರ ಹುಲ್ಲು, ಬೇಲಿ, ದನ.

2013ರ ಅಕ್ಟೋಬರ್ ಮೊದಲ ವಾರ. ಆಗ ನಾನು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮೊದಲು ಮಳೆ ಬಂತು. ದನಗಳ ಮೈ ಚರ್ಮದವರೆಗೂ ನೆನೆಯಿತು. ಅಕ್ಟೋಬರ್ ಶುರು ಅಂದರೆ ಅವುಗಳಿಗೆ ಚಳಿಗಾಲದ ದಪ್ಪ ರೋಮ ಇನ್ನೂ ಬಂದಿರುವುದಿಲ್ಲ. ಬಹಳಷ್ಟು ದನ ಬೇಸಿಗೆಯ ಹುಲ್ಲುಗಾವಲಿನಲ್ಲೇ ಇದ್ದವು. ಮರೆ ಅನ್ನುವುದೇ ಇಲ್ಲದ ಬಯಲು. ಆಮೇಲೆ ಹಿಮ, ಜೊತೆಗೆ ಬಿರುಗಾಳಿ. ಬ್ಲಾಕ್ ಹಿಲ್ಸ್ ಬೆಟ್ಟದ ಕೆಲವು ಕಡೆ ನಾಲ್ಕು ಅಡಿಗಿಂತ ಹೆಚ್ಚು ಹಿಮ ಬಿತ್ತು. ದನಗಳು ಗಾಳಿಗೆ ಬೆನ್ನು ಕೊಟ್ಟು ನಡೆಯುತ್ತಾ ಹೋದವು. ಬೇಲಿಯೆತ್ತರಕ್ಕೆ ಹಿಮ ಪೇರಿಸಿಕೊಂಡಿತ್ತು, ಅದರ ಮೇಲೇ ಹತ್ತಿ ದಾಟಿದವು. ಮೈಲಿಗಟ್ಟಲೆ ನಡೆದು ಹಳ್ಳಗಳಲ್ಲಿ ಬಿದ್ದು ಸತ್ತವು. ಅದನ್ನು ಇಲ್ಲಿ ಅಟ್ಲಾಸ್ ಬಿರುಗಾಳಿ ಅಂತಾರೆ. ಸತ್ತ ದನ ಹತ್ತಾರು ಸಾವಿರ.

ಹೆಣಗಳನ್ನು ಹೂಳಲು ಪೆನ್ನಿಂಗ್ಟನ್ ಕೌಂಟಿಯಲ್ಲಿ ದೊಡ್ಡ ಗುಂಡಿ ತೋಡಿಸಿದರು. ಆದರೆ ನಷ್ಟ ಬರೆಸೋಣ ಅಂದರೆ ಕೃಷಿ ಇಲಾಖೆಯ ಕೌಂಟಿ ಕಚೇರಿಗೆ ಬೀಗ. ಅಕ್ಟೋಬರ್ 1ರಿಂದ 16ರವರೆಗೆ ಬಜೆಟ್ ಜಗಳದಲ್ಲಿ ಕೇಂದ್ರ ಸರ್ಕಾರವೇ ಬಂದ್ ಆಗಿತ್ತು. ಸತ್ತ ದನಕ್ಕೆ ಪರಿಹಾರ ಕೊಡುವ ಯೋಜನೆ ಒಂದಿದೆ, ಎಲ್‌ಐಪಿ ಅಂತ. 2011ರ ಸೆಪ್ಟೆಂಬರ್‌ನಿಂದೀಚೆಗೆ ಆದ ನಷ್ಟಕ್ಕೆ ಅದರಲ್ಲೂ ಹಣ ಇರಲಿಲ್ಲ, ಹೊಸ ಕೃಷಿ ಕಾನೂನು ಪಾಸಾಗಿರಲಿಲ್ಲ.

ಆ ತಿಂಗಳ ಕೊನೆಗೆ ನನ್ನ ಗಿರಾಕಿ ಒಬ್ಬರು ಆಫೀಸಿಗೆ ಬಂದರು. ಎಪ್ಪತ್ತು ದಾಟಿದ ವಯಸ್ಸು. ಕೈಯಲ್ಲಿ ಕಾಫಿಪುಡಿಯ ದೊಡ್ಡ ತಗಡಿನ ಡಬ್ಬಿ. ಮುಚ್ಚಳ ತೆಗೆದು ನನ್ನ ಮೇಜಿನ ಮೇಲೆ ಸುರಿದರು. ಹಳದಿ ಬಣ್ಣದ ಪ್ಲಾಸ್ಟಿಕ್ ಕಿವಿಯೋಲೆಗಳು. ಸತ್ತ ಒಂದೊಂದು ಹಸುವಿನ ಕಿವಿಯಿಂದ ಚಾಕುವಿನಲ್ಲಿ ಕೊಯ್ದು ತಂದಿದ್ದರು. ಕೆಲವಕ್ಕೆ ಕಪ್ಪು ಕೂದಲು ಇನ್ನೂ ಅಂಟಿತ್ತು. ಅಂಗಿಯ ಜೇಬಿನಿಂದ ಸಣ್ಣ ಪುಸ್ತಕ ತೆಗೆದರು. ಯಾವ ಹಸು ಯಾವ ದಿನ ಕರು ಹಾಕಿತು ಅಂತ ಪೆನ್ಸಿಲ್‌ನಲ್ಲಿ ಬರೆದಿಡುವ ಪುಸ್ತಕ ಅದು. ನಾನು ಓಲೆಯ ನಂಬರ್ ಓದುತ್ತಾ ಹೋದೆ, ಅವರು ಪುಸ್ತಕದಲ್ಲಿ ಗೆರೆ ಎಳೆಯುತ್ತಾ ಹೋದರು. ನಡುವೆ ಒಂದು ನಂಬರಿಗೆ ನಿಲ್ಲಿಸಿದರು. "ಇವಳು ನನ್ನ ಮೊಮ್ಮಗಳ ಹಸು" ಅಂದರು. ಮುಂದಿನ ನಂಬರ್ ಓದಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಕೃಷಿ ಕಾನೂನಿಗೆ ಸಹಿ ಬಿದ್ದದ್ದು 2014ರ ಫೆಬ್ರವರಿ 7ಕ್ಕೆ. ಹಳೆಯ ನಷ್ಟಕ್ಕೂ ಅನ್ವಯ ಅಂತ ಮಾಡಿದರು, ಅದು ಒಳ್ಳೆಯದಾಯಿತು. ಅರ್ಜಿ ತೆಗೆದುಕೊಳ್ಳಲು ಶುರುವಾದದ್ದು ಏಪ್ರಿಲ್ 15ಕ್ಕೆ. ಅಂದರೆ ದನ ಸತ್ತು ಆರು ತಿಂಗಳ ಮೇಲೆ. ಅಷ್ಟು ದಿನ ಆ ಡಬ್ಬಿ ಅವರ ಮನೆಯ ಫ್ರಿಜ್ ಮೇಲೆ ಇತ್ತಂತೆ.

ಇದನ್ನು ಪುಕ್ಕಟೆ ದುಡ್ಡು ಅಂತ ಹೇಗೆ ಕರೆಯುವುದು? ನಿಮ್ಮ ಅಭಿಪ್ರಾಯ ಬರೆಯಿರಿ. ಒಪ್ಪದಿದ್ದರೂ ಬರೆಯಿರಿ.

---

ಪ್ಲೇನೋ ಕನ್ನಡಿಗ (ಟೆಕ್ಸಸ್)

ಓದಿ ಮನಸ್ಸು ಭಾರವಾಯಿತು ಸಾರ್. ಆದರೂ ಒಂದು ಪ್ರಶ್ನೆ ಕೇಳಲೇಬೇಕು, ತಪ್ಪು ತಿಳಿಯಬೇಡಿ.

ನನ್ನ ಪರಿಚಯದವರ ಹೋಟೆಲ್ ಪ್ರವಾಹದಲ್ಲಿ ಹಾಳಾಯಿತು. ಅವರಿಗೆ ಸರ್ಕಾರದಿಂದ ಸಿಗುವ ದಾರಿ ಅಂತ ಇದ್ದದ್ದು ಸಾಲ. ಕಡಿಮೆ ಬಡ್ಡಿ, ನಿಜ. ಆದರೂ ಸಾಲವೇ, ತೀರಿಸಬೇಕು. ರ‍್ಯಾಂಚಿನವರಿಗೆ ಮಾತ್ರ ವಾಪಸ್ ಕೊಡಬೇಕಿಲ್ಲದ ಹಣ ಯಾಕೆ? ಎರಡನೆಯದು, ಈ ಹಣ ಲೆಕ್ಕ ಹಾಕುವುದೇ ದನದ ತಲೆ ಎಣಿಸಿ. ಜಾಸ್ತಿ ದನ ಇದ್ದವರಿಗೆ ಜಾಸ್ತಿ ಹಣ. ಸಾವಿರಾರು ಎಕರೆ ಇರುವ ಕುಟುಂಬಗಳೇ ದೊಡ್ಡ ಚೆಕ್ ತೆಗೆದುಕೊಳ್ಳುತ್ತವೆ ಅಲ್ವಾ? ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಅನ್ನುವ ಸಂಸ್ಥೆ ಕೃಷಿ ಸಬ್ಸಿಡಿಯ ಪಟ್ಟಿಯನ್ನೇ ಜನರ ಮುಂದೆ ಇಟ್ಟಿದೆ. ಕೌಂಟಿವಾರು ತೆಗೆದು ನೋಡಿ. ಮೇಲಿನ ಕೆಲವೇ ಜನರ ಕೈಗೆ ದೊಡ್ಡ ಪಾಲು ಹೋಗುವುದು ಕಾಣುತ್ತದೆ. ನಾನು ಕಟ್ಟುವ ತೆರಿಗೆ ಅದು. ಕೇಳುವ ಹಕ್ಕು ಇದೆ ಅಂದುಕೊಂಡಿದ್ದೇನೆ.

---

ಹುಲ್ಲುಬಯಲು

ಖಂಡಿತ ಇದೆ. ಕೇಳಿದ್ದು ಒಳ್ಳೆಯದಾಯಿತು.

ಮೊದಲು ಸತ್ತ ದನದ ಪರಿಹಾರ. ಇದರಲ್ಲಿ ಮಾರುಕಟ್ಟೆ ಬೆಲೆಯ ಶೇ. 75ರಷ್ಟು ಕೊಡುತ್ತಾರೆ. ಅದೂ ಎಲ್ಲಾ ದನಕ್ಕಲ್ಲ. ಯಾವ ವರ್ಷವಾದರೂ ಒಂದಷ್ಟು ದನ ಸಾಯುತ್ತವೆ. ಅದಕ್ಕೆ ರಾಜ್ಯಕ್ಕೊಂದು ಪ್ರಮಾಣ ಗೊತ್ತು ಮಾಡಿದ್ದಾರೆ. ಅಷ್ಟನ್ನು ಕಳೆದು ಮಿಕ್ಕಿದ್ದಕ್ಕೆ ಮಾತ್ರ ಹಣ. ಒಂದು ಹಸು ಸತ್ತರೆ ಆ ವರ್ಷದ ಬೆಲೆ ಮಾತ್ರ ಹೋಗುವುದಿಲ್ಲ, ಮುಂದೆ ಅದು ಹಾಕಬೇಕಿದ್ದ ಐದಾರು ಕರುಗಳೂ ಹೋದವು. ಆ ಲೆಕ್ಕವನ್ನು ಯಾರೂ ಕೊಡುವುದಿಲ್ಲ.

ಬರದ ಹಣ ಬೇರೆ. ಅದು ಎಲ್‌ಎಫ್‌ಪಿ, ಹುಲ್ಲು ಒಣಗಿ ಹೋದದ್ದಕ್ಕೆ ಕೊಡುವುದು. ಇದಕ್ಕೆ ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಮಿತಿ ಇದೆ. ವರ್ಷಕ್ಕೆ ಸರಾಸರಿ 9 ಲಕ್ಷ ಡಾಲರ್‌ಗಿಂತ ಹೆಚ್ಚು ಆದಾಯ ಇದ್ದವರಿಗೆ ಸಿಗುತ್ತಿರಲಿಲ್ಲ, 2025ರ ಕಾನೂನಿನಲ್ಲಿ ಆದಾಯದ ಬಹುಪಾಲು ಕೃಷಿಯಿಂದಲೇ ಬರುವವರಿಗೆ ಅದನ್ನು ಸಡಿಲ ಮಾಡಿದರು. ಇನ್ನೊಂದು ಮುಖ್ಯ ವಿಷಯ: ಹಣ ಹೋಗುವುದು ಜಮೀನಿನ ಒಡೆಯನಿಗಲ್ಲ, ಆ ಹುಲ್ಲಿನ ಮೇಲೆ ದನ ಮೇಯಿಸಿ ನಷ್ಟ ಅನುಭವಿಸಿದವನಿಗೆ. ಗುತ್ತಿಗೆಗೆ ಹಿಡಿದು ಮೇಯಿಸುವವನಿಗೂ ಸಿಗುತ್ತದೆ.

ದೊಡ್ಡವರಿಗೆ ದೊಡ್ಡ ಚೆಕ್ ಅನ್ನುವ ನಿಮ್ಮ ಮಾತು ಸರಿಯೇ. ಎಲ್‌ಐಪಿಗೆ ಇದ್ದ ಮಿತಿಯನ್ನು 2018ರಲ್ಲಿ ತೆಗೆದುಹಾಕಿದರು. ಅದು ನನಗೂ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ದೊಡ್ಡವನಿಗೆ ಮಿತಿ ಹಾಕಿ ಅನ್ನುವುದು ಒಂದು ಮಾತು, ಯಾರಿಗೂ ಕೊಡಬೇಡಿ ಅನ್ನುವುದು ಬೇರೆ ಮಾತು. ಮೊದಲನೆಯದಕ್ಕೆ ನಾನು ನಿಮ್ಮ ಜೊತೆ ಇದ್ದೇನೆ.

ಹೋಟೆಲಿನವರಿಗೆ ಸಾಲ ಮಾತ್ರ ಅನ್ನುವುದು ಅನ್ಯಾಯವೇ. ಅವರಿಗೂ ಒಂದು ದಾರಿ ಬೇಕು ಅಂತ ಕೇಳೋಣ. ಇವರಿಂದ ಕಿತ್ತುಕೊಂಡರೆ ಅವರ ಹೋಟೆಲ್ ಮತ್ತೆ ತೆರೆಯುವುದಿಲ್ಲವಲ್ಲ.

---

ಅಮರಿಲ್ಲೊ ಅಕ್ಕ (ಟೆಕ್ಸಸ್ ಪ್ಯಾನ್‌ಹ್ಯಾಂಡಲ್)

ನಾನು ಇಲ್ಲಿ ನರ್ಸ್. ಪ್ಲೇನೋ ತಮ್ಮನಿಗೆ ನಮ್ಮ ಕಡೆಯ ಒಂದು ವಿಷಯ ಹೇಳುತ್ತೇನೆ.

2024ರ ಫೆಬ್ರವರಿ 26ಕ್ಕೆ ಸ್ಟಿನೆಟ್ ಊರಿನ ಹತ್ತಿರ ಬೆಂಕಿ ಹತ್ತಿಕೊಂಡಿತು. ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ. 10 ಲಕ್ಷ ಎಕರೆಗಿಂತ ಹೆಚ್ಚು ಸುಟ್ಟುಹೋಯಿತು. ಟೆಕ್ಸಸ್ ಇತಿಹಾಸದಲ್ಲೇ ಅಷ್ಟು ದೊಡ್ಡ ಬೆಂಕಿ ಆಗಿರಲಿಲ್ಲ. ಇಬ್ಬರು ಹೆಂಗಸರು ತೀರಿಕೊಂಡರು. 7,000ಕ್ಕಿಂತ ಜಾಸ್ತಿ ದನ ಹೋದವು. ವಿದ್ಯುತ್ ಕಂಬದಿಂದ ಶುರುವಾದ ಬೆಂಕಿ ಅಂತ ತನಿಖೆಯಲ್ಲಿ ಬಂತು. ರೈತರ ತಪ್ಪೇನಿತ್ತು ಹೇಳಿ?

ನಾನು ಎರಡು ವಾರದ ಮೇಲೆ ಹೆಂಫಿಲ್ ಕೌಂಟಿಯ ಕೆನೇಡಿಯನ್ ಊರಿನ ಕಡೆ ಹೋಗಿದ್ದೆ. ನಮ್ಮ ಆಸ್ಪತ್ರೆಯವರು ಕೆಲವರು ಸೇರಿ ದಿನಸಿ, ಔಷಧಿ ತೆಗೆದುಕೊಂಡು ಹೋದೆವು. ನೆಲ ಎಲ್ಲಾ ಕಪ್ಪು. ಗಾಳಿ ಬಂದರೆ ಬೂದಿ ಎದ್ದು ಹಲ್ಲಿನಲ್ಲಿ ಕರಕರ ಅನ್ನುತ್ತಿತ್ತು. ಬೇರೆ ಬೇರೆ ರಾಜ್ಯದಿಂದ ಲಾರಿಗಳು ಒಣಹುಲ್ಲಿನ ಉರುಳೆ ಹೊತ್ತು ಸಾಲಾಗಿ ನಿಂತಿದ್ದವು. ಕಳಿಸಿದವರು ಯಾರು ಅಂತ ಕೂಡ ಎಷ್ಟೋ ಜನರಿಗೆ ಗೊತ್ತಿರಲಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ಸತ್ತ ದನಗಳಿಗಿಂತ ಬದುಕಿದ್ದವು. ಕೆಚ್ಚಲು ಸುಟ್ಟ ಹಸುಗಳು. ಕರು ಬಾಯಿ ಹಾಕಿದರೆ ಒದೆಯುತ್ತವೆ, ನೋವಿಗೆ. ಗೊರಸು ಸುಟ್ಟವು ಒಂದೆರಡು ವಾರ ನಡೆದಾಡಿ ಆಮೇಲೆ ಕುಂಟಿ ಬೀಳುತ್ತವೆ. ಅದು ಕರು ಹಾಕುವ ಕಾಲ ಬೇರೆ. ಹೊಟ್ಟೆಯಲ್ಲಿದ್ದ ಕರುವಿಗೆ ಆಗ ಪರಿಹಾರ ಇರಲಿಲ್ಲ. ಹಸು ಒಂದು ಸತ್ತರೆ ಒಂದೇ ಲೆಕ್ಕ. 2025ರ ಕಾನೂನಿನಲ್ಲಿ ಅದನ್ನು ಸೇರಿಸಿದರು, 2024ರ ಜನವರಿಯಿಂದ ಅನ್ವಯ ಅಂತ. ಕೇಳಿ ಕೇಳಿ ಬಂದದ್ದು ಅದು.

---

ರೊಪ್ಪದ ಹುಡುಗ (ಚಳ್ಳಕೆರೆ)

ಅಣ್ಣಾ, ಅಕ್ಕಾ, ಎಲ್ಲಾ ಓದಿದೆ. ನಮ್ಮದು ಕುರಿ. ಅಪ್ಪನ ಕಾಲದಿಂದ ಇದೆ, ಈಗ 80 ಇವೆ.

ನಮ್ಮಲ್ಲಿ ಅನುಗ್ರಹ ಯೋಜನೆ ಇದೆ. ಕುರಿ, ಮೇಕೆ ಆಕಸ್ಮಿಕವಾಗಿ ಸತ್ತರೆ 5,000 ಕೊಡುತ್ತಿದ್ದರು. 2025ರ ಬಜೆಟ್‌ನಲ್ಲಿ 7,500 ಮಾಡಿದರು. ಹಸು ಎಮ್ಮೆಗೆ 10,000 ಇದ್ದದ್ದು 15,000 ಆಯಿತು. ಇವತ್ತು ಸಂತೆಯಲ್ಲಿ ಒಂದು ಒಳ್ಳೆ ಟಗರು ಅದಕ್ಕಿಂತ ಎಷ್ಟೋ ಜಾಸ್ತಿ ಬೆಲೆಗೆ ಹೋಗುತ್ತದೆ. ಆದರೂ ಇಲ್ಲದ್ದಕ್ಕಿಂತ ವಾಸಿ.

ನನ್ನ ಪ್ರಶ್ನೆ ಏನಂದರೆ, ಅಲ್ಲಿ ದಾಖಲೆ ಏನು ಕೇಳುತ್ತಾರೆ? ನಮ್ಮ ಮಾವ ಕುರಿ ಹೊಡೆದುಕೊಂಡು ಊರೂರು ತಿರುಗುತ್ತಾರೆ. ಮೂರು ತಿಂಗಳು ಮನೆ ಕಡೆ ಬರುವುದೇ ಇಲ್ಲ. ಯಾವುದೋ ಹೊಲದಲ್ಲಿ ರಾತ್ರಿ ಸಿಡಿಲು ಬಡಿದು ಆರು ಕುರಿ ಸತ್ತವು. ಅಲ್ಲಿ ಡಾಕ್ಟ್ರು ಸಿಗಲಿಲ್ಲ. ಬೆಳಗಾದರೆ ನಾಯಿ, ಹದ್ದು. ಹೊಲದವರು ಬೇಗ ತೆಗೆಯಿರಿ ಅಂದರು. ಗುಂಡಿ ತೋಡಿ ಹಾಕಿಬಿಟ್ಟರು. ಊರಿಗೆ ಬಂದು ಕೇಳಿದರೆ ಪೋಸ್ಟ್‌ಮಾರ್ಟಂ ಇಲ್ಲದೆ ಆಗಲ್ಲ ಅಂದರು. ಕಿವಿಯೋಲೆಯೂ ಹಾಕಿಸಿರಲಿಲ್ಲ. ಒಂದು ರೂಪಾಯಿ ಬರಲಿಲ್ಲ.

---

ಪಶುವೈದ್ಯೆ (ಹಾಸನ ಕಡೆ)

ರೊಪ್ಪದ ಹುಡುಗನ ಮಾವನಿಗೆ ಆದದ್ದು ನಾನು ಎಷ್ಟೋ ಸಲ ನೋಡಿದ್ದೇನೆ. ಇಬ್ಬರ ಕಡೆಯಿಂದಲೂ ಹೇಳುತ್ತೇನೆ.

ಪೋಸ್ಟ್‌ಮಾರ್ಟಂ ಯಾಕೆ ಬೇಕು ಅಂದರೆ, ಯಾವುದರಿಂದ ಸತ್ತಿತು ಅಂತ ಬರೆಯುವವರು ನಾವು. ನಾಳೆ ಲೆಕ್ಕ ತಪಾಸಣೆಗೆ ಬಂದರೆ ಉತ್ತರ ಕೊಡಬೇಕಾದವರೂ ನಾವು. ನೋಡದೆ ಸಹಿ ಹಾಕಲು ಆಗುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಸರ್ಕಾರ ಕರುವಿಗೆ 5,000, ಹಸುವಿಗೆ 20,000, ಎತ್ತಿಗೆ 30,000 ಅಂತ ಘೋಷಿಸಿತು. ಆಗ ನಾನು ಒಂದೇ ದಿನ ನಾಲ್ಕು ಹಳ್ಳಿಗೆ ಹೋಗಿದ್ದಿದೆ. ಒಂದು ಮನೆಯಲ್ಲಿ ಹಸು ಬೆಳಗ್ಗೆಯೇ ಸತ್ತಿತ್ತು. ನಾನು ಹೋದಾಗ ಸಂಜೆ ಐದು. ಅಜ್ಜಿ ಅದರ ಪಕ್ಕ ಕೂತು ನೊಣ ಬೀಸುತ್ತಿದ್ದರು. "ನೀವು ಬರೋತನಕ ಕಾಯಬೇಕು ಅಂದ್ರು ಕಣವ್ವ" ಅಂದರು. ಹಸುವಿನ ಹಣೆಗೆ ಕುಂಕುಮ ಇಟ್ಟಿದ್ದರು.

ನಿಯಮ ಬೇಕು. ಆದರೆ ತಾಲ್ಲೂಕು ದಾಟಿ ತಿರುಗುವ ಕುರಿಗಾಹಿಗಳಿಗೆ ಆ ನಿಯಮ ಹೊಂದುವುದಿಲ್ಲ. ಅವರಿಗೆ ಯಾವ ಊರಿನ ಪಶು ಆಸ್ಪತ್ರೆಗೆ ಹೋದರೂ ಕೆಲಸ ಆಗಬೇಕು. ಫೋಟೋ, ಪಂಚನಾಮೆ ಒಪ್ಪಬೇಕು. ಹುಲ್ಲುಬಯಲು ಅವರೇ, ಅಲ್ಲಿ ಹೇಗೆ ಮಾಡುತ್ತಾರೆ?

---

ಹುಲ್ಲುಬಯಲು

ಮೇಡಂ, ಅಜ್ಜಿಯ ಮಾತು ಓದಿ ಸುಮ್ಮನೆ ಕೂತೆ.

ಇಲ್ಲಿ ಪ್ರತಿ ದನಕ್ಕೂ ಪೋಸ್ಟ್‌ಮಾರ್ಟಂ ಕೇಳುವುದಿಲ್ಲ. ಬಿರುಗಾಳಿ, ಬೆಂಕಿಯಂಥ ಸಂದರ್ಭದಲ್ಲಿ ಎರಡು ವಿಷಯ ತೋರಿಸಬೇಕು. ಮೊದಲು ನಿನ್ನ ಬಳಿ ಎಷ್ಟು ದನ ಇತ್ತು? ಆಮೇಲೆ, ಎಷ್ಟು ಸತ್ತವು? ಮೊದಲನೆಯದಕ್ಕೆ ಖರೀದಿ ರಸೀದಿ, ಬ್ಯಾಂಕ್ ಸಾಲದ ಪತ್ರ, ಲಸಿಕೆ ಹಾಕಿಸಿದ ಬಿಲ್, ಕರು ಹಾಕಿದ ಪುಸ್ತಕ, ತೆರಿಗೆ ಲೆಕ್ಕ. ಎರಡನೆಯದಕ್ಕೆ ದಿನಾಂಕ ಇರುವ ಫೋಟೋ, ಪಶುವೈದ್ಯರ ಪತ್ರ, ಹೆಣ ಸಾಗಿಸಿದ ರಸೀದಿ. ಇವೇನೂ ಇಲ್ಲದಿದ್ದರೆ, ಆ ರ‍್ಯಾಂಚಿಗೆ ಸಂಬಂಧ ಇಲ್ಲದ ಮೂರನೆಯವರು ಕಣ್ಣಾರೆ ಕಂಡಿದ್ದೇನೆ ಅಂತ ಬರೆದುಕೊಟ್ಟರೆ ಅದನ್ನೂ ಪರಿಗಣಿಸುತ್ತಾರೆ.

ನಮ್ಮ ಕಡೆ ಇನ್ನೊಂದು ಅನುಕೂಲ ಇದೆ. ಮಿಸೌರಿ ನದಿಯ ಪಶ್ಚಿಮಕ್ಕೆ ದನದ ಮೈಮೇಲೆ ಕುಟುಂಬದ ಮುದ್ರೆ ಒತ್ತಿರುತ್ತಾರೆ. ಆ ಮುದ್ರೆ ನೋಡಲೆಂದೇ ಸರ್ಕಾರದ ಇನ್‌ಸ್ಪೆಕ್ಟರ್‌ಗಳಿದ್ದಾರೆ. ಅಟ್ಲಾಸ್ ಸಮಯದಲ್ಲಿ ಒಬ್ಬರ ದನ ಇನ್ನೊಬ್ಬರ ಹಳ್ಳದಲ್ಲಿ ಸತ್ತು ಬಿದ್ದಿದ್ದವು. ಯಾರದು ಅಂತ ಗೊತ್ತಾದದ್ದು ಆ ಮುದ್ರೆಯಿಂದ.

ಅರ್ಜಿ ಬಗ್ಗೆ ಅನುಮಾನ ಬಂದರೆ ತೀರ್ಮಾನ ಮಾಡುವುದು ಕೌಂಟಿ ಸಮಿತಿ. ಅದರ ಸದಸ್ಯರನ್ನು ಆ ಕೌಂಟಿಯ ರೈತರೇ ಓಟು ಹಾಕಿ ಆರಿಸುತ್ತಾರೆ. ಯಾರ ಹುಲ್ಲುಗಾವಲು ಎಷ್ಟು ದನ ತಾಳುತ್ತದೆ ಅಂತ ಅವರಿಗೆ ಗೊತ್ತು. ಸುಳ್ಳು ಲೆಕ್ಕ ಅವರ ಮುಂದೆ ನಡೆಯುವುದು ಕಷ್ಟ. ಆದರೆ ಅಕ್ಕಪಕ್ಕದವರೇ ತೀರ್ಪು ಕೊಡುವುದರಿಂದ ಹಳೆಯ ಜಗಳವೂ ಒಳಗೆ ಬರಬಹುದು. ಎರಡೂ ಇದೆ.

---

ಲಿಂಕನ್ ವಿದ್ಯಾರ್ಥಿ (ನೆಬ್ರಾಸ್ಕ)

ನಾನು ಇಲ್ಲಿ ಕೃಷಿ ಅರ್ಥಶಾಸ್ತ್ರ ಓದುತ್ತಿದ್ದೇನೆ. ಸತ್ತ ದನದ ಪರಿಹಾರಕ್ಕೆ ನನ್ನ ತಕರಾರಿಲ್ಲ. ಬರದ ಹಣದ ಬಗ್ಗೆ ಇದೆ.

ಬರದ ಹಣ ನಿರ್ಧಾರ ಆಗುವುದು ಒಂದು ನಕ್ಷೆಯಿಂದ. ಪ್ರತಿ ಗುರುವಾರ ಬರುತ್ತದೆ. ನಮ್ಮ ವಿಶ್ವವಿದ್ಯಾಲಯದಲ್ಲಿರುವ ಬರ ಅಧ್ಯಯನ ಕೇಂದ್ರವೂ ಕೇಂದ್ರ ಸರ್ಕಾರದ ಸಂಸ್ಥೆಗಳೂ ಸೇರಿ ಮಾಡುವ ನಕ್ಷೆ. ಡಿ0ಯಿಂದ ಡಿ4ರವರೆಗೆ ಬರದ ಮಟ್ಟ, ನಂಬರ್ ಏರಿದಷ್ಟೂ ಬರ ತೀವ್ರ. ಬಣ್ಣ ಹಳದಿಯಿಂದ ಕಡುಗೆಂಪು. 2014ರ ಕಾನೂನಿನ ಪ್ರಕಾರ ಮೇವಿನ ಕಾಲದಲ್ಲಿ ಕೌಂಟಿಯ ಯಾವುದೇ ಮೂಲೆ 8 ವಾರ ಬಿಡದೆ ಡಿ2ರಲ್ಲಿದ್ದರೆ ಒಂದು ತಿಂಗಳ ಹಣ. ಡಿ3 ಮುಟ್ಟಿದರೆ ಮೂರು ತಿಂಗಳ ಹಣ. ಡಿ4 ಮುಟ್ಟಿದರೆ ನಾಲ್ಕು. ತಿಂಗಳ ಹಣ ಅಂದರೆ ಮೇವಿನ ಖರ್ಚಿನ ಶೇ. 60ರ ಲೆಕ್ಕ. 2025ರಲ್ಲಿ ಡಿ2ರ ವಾರಗಳನ್ನು ಇನ್ನೂ ಸಡಿಲ ಮಾಡಿದರು.

ಸಮಸ್ಯೆ ಏನು ಅಂದರೆ, ಪಶ್ಚಿಮದ ಎಷ್ಟೋ ಕೌಂಟಿಗಳಿಗೆ ಇದು ಮತ್ತೆ ಮತ್ತೆ ಬರುತ್ತದೆ. ಆಗ ಅದು ತುರ್ತು ಹಣ ಆಗಿ ಉಳಿಯುವುದಿಲ್ಲ. ಬರ ಬರುವ ಲಕ್ಷಣ ಕಂಡ ಕೂಡಲೇ ದನ ಕಡಿಮೆ ಮಾಡಬೇಕು. ಇಲ್ಲದಿದ್ದರೆ ಹುಲ್ಲು ಬೇರು ಸಮೇತ ಹೋಗುತ್ತದೆ. ಹಣ ಬರುತ್ತದೆ ಅಂತ ದನ ಇಟ್ಟುಕೊಂಡರೆ ನೆಲ ಹಾಳು. ಇದರ ಜೊತೆ ಮಳೆ ಆಧಾರಿತ ಹುಲ್ಲುಗಾವಲು ವಿಮೆಯೂ ಇದೆ. ಅದರ ಕಂತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸರ್ಕಾರವೇ ಕಟ್ಟುತ್ತದೆ. ಒಂದೇ ಬರಕ್ಕೆ ಎರಡು ಕಡೆಯಿಂದ ಹಣ.

---

ಹುಲ್ಲುಬಯಲು

ತಮ್ಮ, ನಿನ್ನ ಮಾತಿನಲ್ಲಿ ತೂಕ ಇದೆ. ಹುಲ್ಲಿನ ವಿಷಯ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಒಂದು ತಿದ್ದುಪಡಿ. ಬರ ಅಂತ ದನ ಮಾರಿದವನಿಗೂ ಎಲ್‌ಎಫ್‌ಪಿಯಲ್ಲಿ ಹಣ ಇದೆ, ಶೇ. 80ರ ದರದಲ್ಲಿ. ತೆರಿಗೆಯಲ್ಲೂ ದಾರಿ ಇದೆ. ಬರಕ್ಕೆ ಮಾರಲೇಬೇಕಾಗಿ ಬಂದ ತಳಿ ಹಸುಗಳ ಹಣದಲ್ಲಿ ನಾಲ್ಕು ವರ್ಷದೊಳಗೆ ಮತ್ತೆ ಹಸು ಕೊಂಡರೆ ಆ ಲಾಭಕ್ಕೆ ಆಗಲೇ ತೆರಿಗೆ ಕಟ್ಟಬೇಕಿಲ್ಲ. ಇದನ್ನು ಎಷ್ಟೋ ಜನರಿಗೆ ಯಾರೂ ಹೇಳಿರುವುದೇ ಇಲ್ಲ. ನಾನು ಪ್ರತಿ ಬರದಲ್ಲೂ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳುತ್ತೇನೆ.

ಮಾರುವುದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ. ಬರ ಬಂದಾಗ ಎಲ್ಲರೂ ಮಾರುತ್ತಾರೆ, ಬೆಲೆ ಬೀಳುತ್ತದೆ. ಮಳೆ ಬಂದಾಗ ಎಲ್ಲರೂ ಕೊಳ್ಳುತ್ತಾರೆ, ಬೆಲೆ ಏರುತ್ತದೆ. ಮೂವತ್ತು ವರ್ಷ ಆರಿಸಿ ಬೆಳೆಸಿದ ಹಿಂಡು, ಆ ನೀರು, ಆ ಗುಡ್ಡ, ಆ ಚಳಿ ಗೊತ್ತಿರುವ ಹಸುಗಳು. ಸಂತೆಯಲ್ಲಿ ಹಾಗೆ ಸಿಗುವುದಿಲ್ಲ.

ನನ್ನ ದೊಡ್ಡ ದೂರು ಕೌಂಟಿ ಗೆರೆಯ ಮೇಲೆ. ಯಾವುದೇ ಮೂಲೆಯಲ್ಲಿ ಬರ ಇದ್ದರೆ ಇಡೀ ಕೌಂಟಿಗೆ ಹಣ. ನಮ್ಮ ಕೌಂಟಿ ಅಷ್ಟು ದೊಡ್ಡದು, ಒಂದು ತುದಿಯಲ್ಲಿ ಮಳೆ ಬಂದು ಹುಲ್ಲು ಮೊಣಕಾಲುದ್ದ ಇದ್ದರೂ ಅಲ್ಲಿಯವರಿಗೂ ಸಿಗುತ್ತದೆ. ಆಚೆ ಕೌಂಟಿಯವನ ನೆಲ ಬಿರುಕು ಬಿಟ್ಟಿದ್ದರೂ, ನಕ್ಷೆಯ ಬಣ್ಣ ಏಳನೇ ವಾರಕ್ಕೆ ಬದಲಾದರೆ 2025ರ ಸಡಿಲಿಕೆಗೆ ಮೊದಲು ಏನೂ ಸಿಗುತ್ತಿರಲಿಲ್ಲ. ನನಗೆ ಹೀಗೆ ಇಬ್ಬರು ಗಿರಾಕಿಗಳಿದ್ದರು. ಅಣ್ಣ ತಮ್ಮ. ನಡುವೆ ಒಂದೇ ಬೇಲಿ, ಕೌಂಟಿ ಬೇರೆ. ಅಣ್ಣನಿಗೆ ಬಂತು, ತಮ್ಮನಿಗೆ ಬರಲಿಲ್ಲ. ಆ ವರ್ಷ ಅಣ್ಣನೇ ಒಣಹುಲ್ಲು ಕೊಂಡು ತಮ್ಮನ ಕಡೆ ಇಳಿಸಿದರು. ರಸೀದಿಯನ್ನು ನನಗೆ ಕೊಡುವಾಗ, "ಇದನ್ನು ಖರ್ಚಿಗೆ ಬರೆಯಬೇಡ, ಮನೆ ವಿಷಯ" ಅಂದರು.

ಸರಿ ಮಾಡಿದ್ದೂ ಹೇಳಬೇಕು. 2021ರ ಬರಕ್ಕೆ ಸಂಸತ್ತು 75 ಕೋಟಿ ಡಾಲರ್ ಬೇರೆ ಕೊಟ್ಟಿತು. 2022ರಲ್ಲಿ ಹಂಚುವಾಗ ಹೊಸ ಅರ್ಜಿ ಕೇಳಲೇ ಇಲ್ಲ. ಎಲ್‌ಎಫ್‌ಪಿಗೆ ಮೊದಲೇ ಕೊಟ್ಟ ಕಾಗದವನ್ನೇ ಇಟ್ಟುಕೊಂಡು ಲೆಕ್ಕ ಹಾಕಿ ಹಣ ಕಳಿಸಿದರು. ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಹೋಯಿತು. ಕಚೇರಿಯಲ್ಲಿ ಸಾಲು ಇಲ್ಲ, ಫಾರಂ ಇಲ್ಲ. ಹೀಗೂ ಮಾಡಬಹುದು ಅಂತ ಆಗ ಗೊತ್ತಾಯಿತು.

---

ಪ್ಲೇನೋ ಕನ್ನಡಿಗ

ಅಣ್ಣ ತಮ್ಮನ ವಿಷಯ ಓದಿ ಬಹಳ ಹೊತ್ತು ಯೋಚಿಸಿದೆ. ನನ್ನ ಮಾತನ್ನು ಸ್ವಲ್ಪ ಬದಲಿಸಿಕೊಳ್ಳುತ್ತೇನೆ. ಹಣ ಕೊಡುವುದು ತಪ್ಪಲ್ಲ. ಮಿತಿ ಇರಲಿ, ಕೌಂಟಿ ಬದಲು ನೆಲ ನೋಡಿ ಕೊಡಲಿ. ಇಷ್ಟು ಆದರೆ ತೆರಿಗೆದಾರನಾಗಿ ನನಗೆ ತಕರಾರಿಲ್ಲ.

ಇನ್ನೊಂದು ಕೇಳಬೇಕಿತ್ತು. ನಿಮ್ಮ ಕಡೆ ಮೂಲನಿವಾಸಿಗಳ ದೊಡ್ಡ ದೊಡ್ಡ ಮೀಸಲು ಪ್ರದೇಶಗಳಿವೆಯಲ್ಲ. ಅಲ್ಲಿಯ ದನದವರಿಗೂ ಸಿಗುತ್ತದಾ?

---

ಹುಲ್ಲುಬಯಲು

ಕಾನೂನಿನಲ್ಲಿ ಸಿಗುತ್ತದೆ. ಪೈನ್ ರಿಡ್ಜ್, ಶೆಯೆನ್ ರಿವರ್ ಎರಡೂ ನಮ್ಮಿಂದ ದೂರ ಇಲ್ಲ. ಅಲ್ಲಿ ಲಕೋಟ ಜನ ತಲೆಮಾರುಗಳಿಂದ ದನ, ಕುದುರೆ ಸಾಕುತ್ತಿದ್ದಾರೆ.

ಆದರೆ ಕಚೇರಿ ಅಂದರೆ ಅವರಿಗೆ ನಂಬಿಕೆ ಬರುವುದು ಕಷ್ಟ, ಅದಕ್ಕೆ ಕಾರಣ ಇದೆ. ಕೃಷಿ ಇಲಾಖೆ ಸಾಲ ಕೊಡುವಾಗ ದಶಕಗಳ ಕಾಲ ತಾರತಮ್ಯ ಮಾಡಿತು ಅಂತ ಮೂಲನಿವಾಸಿ ರೈತರು 1999ರಲ್ಲಿ ಕೋರ್ಟಿಗೆ ಹೋದರು. ಮುಂದೆ ನಿಂತವರು ಸ್ಟ್ಯಾಂಡಿಂಗ್ ರಾಕ್ ಮೀಸಲು ಪ್ರದೇಶದ ಕಡೆಯ ಕೀಪ್‌ಸೀಗಲ್ ದಂಪತಿ. 2010ರಲ್ಲಿ 76 ಕೋಟಿ ಡಾಲರ್‌ಗೆ ರಾಜಿ ಆಯಿತು. ಹನ್ನೊಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಎಷ್ಟು ಜನ ದನ ಮಾರಿ ಕೈ ತೊಳೆದುಕೊಂಡಿದ್ದರೋ.

ಅಲ್ಲಿಯ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಲೆಕ್ಕ ಮಾಡಿಸುತ್ತಾರೆ. 40 ಹಸು. ಹುಲ್ಲುಗಾವಲು ಬುಡಕಟ್ಟಿನದು, ಗುತ್ತಿಗೆ ಪತ್ರ ಒಂದು ಕಚೇರಿಯಲ್ಲಿ, ದನದ ಲೆಕ್ಕ ಇನ್ನೊಂದರಲ್ಲಿ. ಒಂದು ಕಾಗದಕ್ಕೆ ನೂರು ಮೈಲಿ ಗಾಡಿ ಓಡಿಸಿದ್ದಾರೆ. ರೊಪ್ಪದ ಹುಡುಗನ ಮಾವನ ವಿಷಯ ಓದಿದಾಗ ನನಗೆ ನೆನಪಾದದ್ದು ಇವರೇ.

---

ರೊಪ್ಪದ ಹುಡುಗ

ಗೆರೆಯ ಕಥೆ ನಮ್ಮಲ್ಲೂ ಅದೇ ಅಣ್ಣ. ನಿಮಗೆ ಕೌಂಟಿ, ನಮಗೆ ತಾಲ್ಲೂಕು. 2023ರಲ್ಲಿ 236 ತಾಲ್ಲೂಕಿನಲ್ಲಿ 223 ಬರ ಅಂತ ಘೋಷಣೆ ಆಯಿತು. ಕೇಂದ್ರದ ಹಣಕ್ಕೆ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. ಬಂದದ್ದು 2024ರ ಏಪ್ರಿಲ್ ಕೊನೆಗೆ. ಮೇವು ಮುಗಿದು ಎಷ್ಟೋ ತಿಂಗಳಾಗಿತ್ತು. ನಮ್ಮೂರಲ್ಲಿ ಅಷ್ಟರಲ್ಲಿ ದನ ಮಾರಿದವರು ಮಾರಿ ಆಗಿತ್ತು.

---

ಅಮರಿಲ್ಲೊ ಅಕ್ಕ

ತಡ ಅನ್ನುವುದಕ್ಕೆ ನಮ್ಮ ಕಡೆಯದನ್ನೂ ಸೇರಿಸಿಕೊಳ್ಳಿ. ಬೆಂಕಿಯಲ್ಲಿ ಬೇಲಿ ಸುಟ್ಟವರಿಗೆ ಬೇರೆ ಯೋಜನೆ ಇದೆ, ಖರ್ಚಿನ ಮುಕ್ಕಾಲು ಪಾಲಿನವರೆಗೆ ಕೊಡುತ್ತಾರೆ. ಆದರೆ ಹೆಚ್ಚಿನ ಪಾಲು ಬೇಲಿ ಕಟ್ಟಿ ಮುಗಿಸಿ ರಸೀದಿ ತೋರಿಸಿದ ಮೇಲೆ. ಮೈಲಿಗಟ್ಟಲೆ ಬೇಲಿಗೆ ಮೊದಲು ಕೈಯಿಂದ ಹಾಕಬೇಕು. ಇದ್ದವರು ಕಟ್ಟಿದರು. ಇಲ್ಲದವರ ದನ ಇನ್ನೊಬ್ಬರ ಹೊಲದಲ್ಲಿ ಬಾಡಿಗೆಗೆ ನಿಂತವು.

---

ರೊಪ್ಪದ ಹುಡುಗ

ಹದಿನೈದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಮೊನ್ನೆ ರಾತ್ರಿ ಜೋರು ಮಳೆ, ಗಾಳಿ. ನಮ್ಮ ರೊಪ್ಪದ ಗೋಡೆ ಕುಸಿದು ಮೂರು ಕುರಿ ಸತ್ತವು. ಒಂದು ಗಬ್ಬದ ಕುರಿ.

ಈ ಸಲ ಹೂಳಲಿಲ್ಲ. ಪಶುವೈದ್ಯೆ ಅಕ್ಕ ಹೇಳಿದ ಹಾಗೆ ಬೆಳಗಾದ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿದೆ. ಕುಸಿದ ಗೋಡೆ ಸಮೇತ ಫೋಟೋ ತೆಗೆದೆ. ಹೋದ ವಾರವೇ ಎಲ್ಲಕ್ಕೂ ಓಲೆ ಹಾಕಿಸಿದ್ದೆ, 12 ಅಂಕಿಯ ನಂಬರ್ ಕಾಣುವ ಹಾಗೆ ಹತ್ತಿರದಿಂದಲೂ ಒಂದೊಂದು ಫೋಟೋ ಇದೆ. ಡಾಕ್ಟ್ರು ಮಧ್ಯಾಹ್ನ ಬಂದು ಪೋಸ್ಟ್‌ಮಾರ್ಟಂ ಮಾಡಿದರು. ಅರ್ಜಿ ಕೊಟ್ಟಿದ್ದೇನೆ. ಅಪ್ಪ ಆ ಮೂರು ಓಲೆ ಇನ್ನು ಯಾಕೆ ಬಿಸಾಕು ಅಂತಾರೆ. ಬಿಸಾಕಲಾ?

---

ಪಶುವೈದ್ಯೆ

ಕುರಿ ಹೋದದ್ದಕ್ಕೆ ಬೇಜಾರಾಯಿತು ತಮ್ಮ. ಎಲ್ಲಾ ಸರಿಯಾಗಿ ಮಾಡಿದ್ದೀಯ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಇಸಕೊಂಡೆಯಾ? ಇಲ್ಲದಿದ್ದರೆ ನಾಳೆಯೇ ಹೋಗಿ ಕೇಳು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ನೋಡಿಕೋ. ಉಳಿದ ಕುರಿಗಳನ್ನು ಇವತ್ತು ರಾತ್ರಿ ಒದ್ದೆ ನೆಲದಲ್ಲಿ ಮಲಗಿಸಬೇಡ.

---

ಹುಲ್ಲುಬಯಲು

ಬಿಸಾಕಬೇಡ. ತೊಳೆಯಲೂ ಬೇಡ. ಹಣ ನಿನ್ನ ಖಾತೆಗೆ ಬರುವವರೆಗೆ ಒಂದು ಡಬ್ಬಿಯಲ್ಲಿ ಹಾಕಿಡು. ದಿನಾಂಕ ಬರೆದು ಮುಚ್ಚಳಕ್ಕೆ ಅಂಟಿಸು. ಅಪ್ಪನಿಗೆ ನನ್ನ ನಮಸ್ಕಾರ ಹೇಳು.